ಅಡಿಗಲ್ಲು ಇಡುವವರಿದ್ದಾರೆ, ಸರಪಳಿ ನೋಡುವವರು ಯಾರು?

2024ರ ಆಗಸ್ಟ್ 10ರ ರಾತ್ರಿ ಹೊಸಪೇಟೆಯ ತುಂಗಭದ್ರಾ ಜಲಾಶಯದ 19ನೇ ಕ್ರಸ್ಟ್‌ಗೇಟು ಸರಪಳಿ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ಆಗಷ್ಟೇ ತುಂಬಿತ್ತು. ಕಾಲುವೆಗಳಿಗೆ ನೀರು ಬಿಟ್ಟಿದ್ದರು. ಕೊಪ್ಪಳ, ರಾಯಚೂರು, ಬಳ್ಳಾರಿ, ವಿಜಯನಗರ ಜಿಲ್ಲೆಗಳ ರೈತರು ಭತ್ತದ ನಾಟಿಗೆ ಇಳಿದಿದ್ದರು. ಅಣೆಕಟ್ಟಿನ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದು, ವರ್ಷವಿಡೀ ಹೊಲಕ್ಕೆ ಹರಿಯಬೇಕಿದ್ದ ನೀರನ್ನು ನದಿಗೆ ಬಿಡಬೇಕಾಯಿತು. ಗೇಟು ಮುರಿದರೆ ಆ ಜಾಗದಲ್ಲಿ ಇಳಿಸಲು ಸಿದ್ಧವಾಗಿಟ್ಟ ತಡೆಹಲಗೆ ಅಲ್ಲಿರಲಿಲ್ಲ. ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಅವರನ್ನು ಕರೆಸಿ, ಸುತ್ತಲಿನ ಕಾರ್ಖಾನೆಗಳಲ್ಲಿ ತರಾತುರಿಯಿಂದ ಉಕ್ಕಿನ ತಡೆಹಲಗೆಗಳನ್ನು ತಯಾರಿಸಿ, ಹರಿಯುವ ನೀರಿನಲ್ಲೇ ಇಳಿಸಲಾಯಿತು. ಆ ಕೆಲಸ ಮುಗಿಯುವಾಗ ಒಂದು ವಾರ ಕಳೆದಿತ್ತು. ಆ ವರ್ಷ ಮಳೆ ಕೈಬಿಡಲಿಲ್ಲ, ಜಲಾಶಯ ಮತ್ತೆ ತುಂಬಿತು. ರೈತರು ನಿಟ್ಟುಸಿರುಬಿಟ್ಟರು. ಸುದ್ದಿವಾಹಿನಿಗಳು ಬೇರೆ ಸುದ್ದಿಗೆ ಹೊರಳಿದವು.

ಆದರೆ ವಿಷಯ ಅಲ್ಲಿಗೆ ಮುಗಿಯಲಿಲ್ಲ. ಕೇಂದ್ರ ಜಲ ಆಯೋಗದ ಮಾಜಿ ಅಧ್ಯಕ್ಷ ಎ.ಕೆ. ಬಜಾಜ್ ನೇತೃತ್ವದ ತಜ್ಞರ ಸಮಿತಿಯು 19ನೇ ಗೇಟನ್ನು ಮಾತ್ರವಲ್ಲ, 33 ಗೇಟುಗಳನ್ನೂ ಬದಲಿಸಬೇಕೆಂದು ಹೇಳಿತು. ಹಳೆಯ ಗೇಟುಗಳ ಮೇಲೆ ನಂಬಿಕೆಯಿಡಲಾಗದೆ 2025ರ ಮಳೆಗಾಲದಲ್ಲಿ ಜಲಾಶಯದ ಸಂಗ್ರಹವನ್ನು 80 ಟಿಎಂಸಿಗೆ ಮಿತಿಗೊಳಿಸಲಾಯಿತು. ಮಳೆ ಬಂದರೂ ನೀರು ಹಿಡಿದಿಡುವಂತಿರಲಿಲ್ಲ. ಗೇಟು ಬದಲಿಸಬೇಕಾದರೆ ನೀರು ಇಳಿಯಲೇಬೇಕು, ಆದ್ದರಿಂದ ಆ ವರ್ಷ ಎರಡನೇ ಬೆಳೆಗೆ ನೀರಿಲ್ಲವೆಂಬ ತೀರ್ಮಾನವೂ ಬಂತು.

ಒಂದು ಸರಪಳಿಯ ಬೆಲೆ ಎಷ್ಟು? ಅದನ್ನು ಕಾಲಕಾಲಕ್ಕೆ ಪರೀಕ್ಷಿಸಿ, ಸವೆದಾಗ ಬದಲಿಸಿ, ಒಂದು ಜೊತೆ ತಡೆಹಲಗೆಯನ್ನು ಗೋದಾಮಿನಲ್ಲಿ ಸಿದ್ಧವಾಗಿಡಲು ತಗಲುವ ಖರ್ಚು ಎಷ್ಟು? ಅದು ಎಷ್ಟೇ ಇರಲಿ, ಒಂದು ಹಂಗಾಮಿನ ಬೆಳೆಯ ಬೆಲೆಗೆ ಸಮನಾಗದು. ಎರಡನೇ ಬೆಳೆ ಇಲ್ಲವೆಂದರೆ ನಷ್ಟ ರೈತನಿಗೆ ಮಾತ್ರವೇ? ನಾಟಿಗೆ ಹೋಗುವ ಹೆಣ್ಣುಮಕ್ಕಳಿಗೆ ಕೂಲಿಯಿಲ್ಲ. ಗಂಗಾವತಿ, ಕಂಪ್ಲಿ, ಸಿಂಧನೂರಿನ ಅಕ್ಕಿಗಿರಣಿಗಳಲ್ಲಿ ಹಮಾಲರಿಗೆ ಕೆಲಸವಿಲ್ಲ. ಲಾರಿಗೆ ಬಾಡಿಗೆಯಿಲ್ಲ, ಗ್ಯಾರೇಜಿಗೆ ಲಾರಿಯಿಲ್ಲ. ಸಂತೆಯಲ್ಲಿ ಬಟ್ಟೆ ಹರವಿ ಕುಳಿತವನ ಮುಂದೆ, ತಳ್ಳುಗಾಡಿಯಲ್ಲಿ ಹಣ್ಣು ಮಾರುವವನ ಮುಂದೆ ಗಿರಾಕಿಯಿಲ್ಲ. ನಮ್ಮ ಪಟ್ಟಣಗಳಲ್ಲಿ ಹೊಲವಿಲ್ಲದ ಕುಟುಂಬಗಳೇ ಹೆಚ್ಚು. ಜಲಾಶಯ ನಮಗೆ ಸಂಬಂಧಿಸಿದ್ದಲ್ಲ ಎಂದುಕೊಂಡವರ ಮನೆಯ ಒಲೆಗೂ ಆ ಸರಪಳಿಗೂ ನಂಟಿದೆ.

ಗೇಟು ಮುರಿದ ಮರುದಿನದಿಂದ ನಡೆದ ಚರ್ಚೆಯನ್ನೊಮ್ಮೆ ನೆನಪಿಸಿಕೊಳ್ಳಿ. ವಿರೋಧ ಪಕ್ಷದವರು ರಾಜ್ಯ ಸರಕಾರದ ನಿರ್ಲಕ್ಷ್ಯವೆಂದರು. ಆಡಳಿತ ಪಕ್ಷದವರು ಜಲಾಶಯದ ನಿರ್ವಹಣೆ ತುಂಗಭದ್ರಾ ಮಂಡಳಿಯದ್ದೆಂದರು. 1953ರಲ್ಲಿ ರಚನೆಯಾದ ಆ ಮಂಡಳಿಯಲ್ಲಿ ಕೇಂದ್ರವೂ ಇದೆ, ಕರ್ನಾಟಕ, ಆಂಧ್ರ ಮತ್ತು ತೆಲಂಗಾಣಗಳೂ ಇವೆ. ಎಲ್ಲರದ್ದೂ ಆದ ಜಲಾಶಯದ ಸರಪಳಿಯನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವೆಂದರೆ, ‘ನಾವಲ್ಲ’.

ಈ ಪ್ರಶ್ನೆಯನ್ನು ಕೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಮರಿಯಮ್ಮನಹಳ್ಳಿಯಂತಹ ಊರಿನವರಿಗೆ ಇದೆ. ಹೊಸಪೇಟೆಯಿಂದ ಚಿತ್ರದುರ್ಗದ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ಈ ಪಟ್ಟಣದ ಮಗ್ಗುಲಲ್ಲೇ ಜಲಾಶಯದ ಹಿನ್ನೀರಿದೆ. 1945ರ ಫೆಬ್ರವರಿ 28ರಂದು ಮದರಾಸು ಪ್ರಾಂತ ಮತ್ತು ಹೈದರಾಬಾದ್ ಸಂಸ್ಥಾನಗಳು ಜೊತೆಯಾಗಿ ಅಡಿಗಲ್ಲು ಹಾಕಿ, 1953ರಲ್ಲಿ ನೀರು ನಿಲ್ಲಿಸಿದ ಈ ಅಣೆಕಟ್ಟಿಗಾಗಿ ತೊಂಬತ್ತರಷ್ಟು ಹಳ್ಳಿಗಳು ಮುಳುಗಿದವು. ಅರ್ಧ ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು. ಆಗ ಮುಳುಗಿದ ನಾರಾಯಣದೇವರಕೆರೆಯ ಜನ ಬಂದು ನೆಲೆಸಿದ್ದು ಮರಿಯಮ್ಮನಹಳ್ಳಿಯಲ್ಲಿ. ಅವರು ಗದ್ದೆ, ಮನೆ, ಗುಡಿ, ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಬಂದರು. ಸರಕಾರ ತೆರಿಗೆಯ ಹಣವನ್ನು ಹೂಡಿತ್ತು, ಇವರು ಊರನ್ನೇ ಹೂಡಿದ್ದರು. ಸಾರ್ವಜನಿಕ ಹೂಡಿಕೆ ಎಂಬ ಪದಕ್ಕೆ ಇದಕ್ಕಿಂತ ನೇರವಾದ ಅರ್ಥ ಬೇರೆ ಬೇಕೆ?

ಆ ಹೂಡಿಕೆ ವ್ಯರ್ಥವಾಯಿತೆಂದು ಯಾರೂ ಹೇಳಲಾರರು. ಬರದ ನಾಡೆಂದು ಹೆಸರಾದ ಸೀಮೆಯ ಹತ್ತು ಲಕ್ಷಕ್ಕೂ ಹೆಚ್ಚು ಎಕರೆಗೆ ಅದು ನೀರುಣಿಸಿತು, ವಿದ್ಯುತ್ ಕೊಟ್ಟಿತು. ಆದರೆ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿಎಂಸಿ ನೀರು ನಿಲ್ಲುತ್ತಿತ್ತು. ಹೂಳು ತುಂಬಿ ಅದು ಇಂದು ಸುಮಾರು 105 ಟಿಎಂಸಿಗೆ ಇಳಿದಿದೆ. ಕಾಲು ಭಾಗದ ಹತ್ತಿರಕ್ಕೆ ನಷ್ಟ. ಈಗ ಆ ಕೊರತೆ ತುಂಬಲು ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಮತ್ತೊಂದು ಸಮಾನಾಂತರ ಜಲಾಶಯ ಕಟ್ಟುವ ಪ್ರಸ್ತಾವವಿದೆ. ಅದಕ್ಕೆ ಮತ್ತೆ ಭೂಮಿ ಬೇಕು, ಮತ್ತೆ ಸಾವಿರಾರು ಕೋಟಿ ಬೇಕು. ಜಲಾನಯನ ಪ್ರದೇಶದ ಮಣ್ಣು ಕೊಚ್ಚಿ ಬರದಂತೆ ಏಳು ದಶಕ ಕಾಯ್ದಿದ್ದರೆ ಇಷ್ಟು ಬೇಗ ಈ ಸ್ಥಿತಿ ಬರುತ್ತಿತ್ತೇ? ಒಮ್ಮೆ ಕಟ್ಟಿದ್ದನ್ನು ಕಾಪಾಡದವರು ಎರಡನೆಯದನ್ನು ಕಾಪಾಡುತ್ತಾರೆಂದು ಯಾವ ಭರವಸೆಯ ಮೇಲೆ ನಂಬುವುದು?

ನಮ್ಮಲ್ಲೊಂದು ನಂಬಿಕೆ ಬೇರೂರಿದೆ. ಬಡ ನಾಡು ಹಿಂದುಳಿದಿರುವುದು ಹಣವಿಲ್ಲದ್ದರಿಂದ, ಹಣ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬುದು ಆ ನಂಬಿಕೆ. ರಾಜಕಾರಣಿಗಳು ಇದನ್ನೇ ಹೇಳುತ್ತಾರೆ, ನಾವೂ ತಲೆಯಾಡಿಸುತ್ತೇವೆ. ಆದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿ 2015ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯದನ್ನು ಹೇಳುತ್ತದೆ. ಸರಕಾರಗಳು ರಸ್ತೆ, ನೀರು, ಶಾಲೆ, ವಿದ್ಯುತ್ತಿಗೆ ಹೂಡುವ ಹಣದಿಂದ ಸಿಗಬೇಕಾದ ಪ್ರಯೋಜನದಲ್ಲಿ ಸುಮಾರು ಶೇ. 30ರಷ್ಟು ಅದಕ್ಷತೆಯಿಂದಲೇ ಸೋರಿಹೋಗುತ್ತದೆ. ಕಡಿಮೆ ಆದಾಯದ ದೇಶಗಳಲ್ಲಿ ಈ ಸೋರಿಕೆ ಇನ್ನೂ ಹೆಚ್ಚು, ಶೇ. 40ರ ಆಸುಪಾಸು. ಅಂದರೆ ಯಾರಿಗೆ ಒಂದೊಂದು ರೂಪಾಯಿಯೂ ಮುಖ್ಯವೋ ಅವರ ಕೊಡದಲ್ಲೇ ತೂತು ದೊಡ್ಡದು. ವಿಶ್ವಬ್ಯಾಂಕಿನ ಪಟ್ಟಿಯಲ್ಲಿ ನಮ್ಮ ದೇಶವು ಬಡದೇಶಗಳ ಸಾಲಿನಿಂದ ಒಂದು ಮೆಟ್ಟಿಲು ಮೇಲೇರಿ ಕೆಳ ಮಧ್ಯಮ ಆದಾಯದ ಗುಂಪಿನಲ್ಲಿದೆ. ಆದರೆ ಪಟ್ಟಿಯಲ್ಲಿ ಮೆಟ್ಟಿಲೇರಿದ ಮಾತ್ರಕ್ಕೆ ಹಡಗಲಿ, ಕೂಡ್ಲಿಗಿ, ಸಂಡೂರಿನ ಬದುಕು ಮೇಲೇರುವುದಿಲ್ಲವಲ್ಲ.

ಸೋರಿಕೆಯೆಂದೊಡನೆ ನಮಗೆ ಲಂಚ ನೆನಪಾಗುತ್ತದೆ. ಲಂಚ ಇದ್ದೇ ಇದೆ. ಆದರೆ ಪ್ರಾಮಾಣಿಕ ಅಧಿಕಾರಿ, ಪ್ರಾಮಾಣಿಕ ಗುತ್ತಿಗೆದಾರ ಇದ್ದಾಗಲೂ ಹಣ ಸೋರುತ್ತದೆ. ಬೇಡದ ಕಾಮಗಾರಿಯನ್ನು ಆರಿಸಿದಾಗ, ಆರಿಸಿದ್ದನ್ನು ಅರ್ಧಕ್ಕೆ ನಿಲ್ಲಿಸಿದಾಗ, ಮುಗಿಸಿದ್ದನ್ನು ಕೈಬಿಟ್ಟಾಗ ಅದು ಸೋರುತ್ತದೆ. ಈ ಮೂರಕ್ಕೂ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಮೊದಲು ಆಯ್ಕೆಯ ಪ್ರಶ್ನೆ. ಈ ನಾಡಿಗೆ ಹಣದ ಕೊರತೆ ಇತ್ತೆಂದು ಯಾರಾದರೂ ಹೇಳಿದರೆ ಸಂಡೂರಿನ ಗುಡ್ಡಗಳನ್ನು ತೋರಿಸಬೇಕು. ಈ ಶತಮಾನದ ಮೊದಲ ದಶಕದಲ್ಲಿ ಚೀನಾದ ಬೇಡಿಕೆಯಿಂದ ಕಬ್ಬಿಣದ ಅದಿರಿನ ಬೆಲೆ ಗಗನಕ್ಕೇರಿತು. ಹಗಲೂ ರಾತ್ರಿ ಲಾರಿಗಳು ಓಡಿದವು. ಹೊಲಗಳ ಮೇಲೆ, ಮನೆಗಳ ಮೇಲೆ ಕೆಂಪು ಧೂಳು ಕುಳಿತಿತು. ಕೆಲವರು ಹೆಲಿಕಾಪ್ಟರ್ ಕೊಂಡರು. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಸಲ್ಲಿಸಿದ ವರದಿ ಬೊಕ್ಕಸಕ್ಕಾದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಲೆಕ್ಕಹಾಕಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಸಮಾಜ ಪರಿವರ್ತನ ಸಮುದಾಯ ಹೂಡಿದ್ದ ಆ ಮೊಕದ್ದಮೆಯಲ್ಲಿ 2013ರ ಏಪ್ರಿಲ್‌ನಲ್ಲಿ ತೀರ್ಪು ಬಂದು, ಅತಿ ಹೆಚ್ಚು ಅಕ್ರಮವೆಸಗಿದ ಗಣಿಗಳ ಗುತ್ತಿಗೆ ರದ್ದಾಯಿತು. ಉಳಿದ ಗಣಿಗಳ ಅದಿರು ಮಾರಾಟದಲ್ಲಿ ಒಂದು ಪಾಲನ್ನು ಹಾನಿಗೊಳಗಾದ ಪ್ರದೇಶದ ಪುನಶ್ಚೇತನಕ್ಕೆಂದೇ ತೆಗೆದಿಡುವಂತೆ ಆದೇಶವಾಯಿತು.

ಅದೇ ಸಂಡೂರು 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ ರಾಜ್ಯದ 114 ಹಿಂದುಳಿದ ತಾಲೂಕುಗಳ ಪೈಕಿ ಒಂದಾಗಿತ್ತು ಎಂಬುದನ್ನು ಮರೆಯಬಾರದು. ಸಂಪತ್ತು ಕಾಲ ಕೆಳಗಿತ್ತು, ಬಡತನ ಮನೆಯೊಳಗಿತ್ತು.

ಪುನಶ್ಚೇತನದ ಹಣ ಏನಾಯಿತು? ಅದಕ್ಕಾಗಿ 2014ರಲ್ಲಿ ಕರ್ನಾಟಕ ಗಣಿ ಪರಿಸರ ಪುನಶ್ಚೇತನ ನಿಗಮ ಸ್ಥಾಪನೆಯಾಯಿತು. ಹಣ ಜಮೆಯಾಗುತ್ತಾ ಹಲವು ಸಾವಿರ ಕೋಟಿಗೆ ಬೆಳೆಯಿತು. ಯೋಜನೆ ತಯಾರಿಸುವುದು, ಆಕ್ಷೇಪಣೆ, ಪರಿಷ್ಕರಣೆ, ಮತ್ತೆ ನ್ಯಾಯಾಲಯ ಎಂದು ವರ್ಷಗಳು ಉರುಳಿದವು. ಕೊನೆಗೆ 2022ರಲ್ಲಿ ಸುಪ್ರೀಂ ಕೋರ್ಟ್ ನಿವೃತ್ತ ನ್ಯಾಯಮೂರ್ತಿ ಬಿ. ಸುದರ್ಶನ ರೆಡ್ಡಿ ಅವರನ್ನು ಮೇಲುಸ್ತುವಾರಿಗೆ ನೇಮಿಸಿ ಖರ್ಚಿಗೆ ದಾರಿ ಮಾಡಿಕೊಟ್ಟಿತು. ಗಣಿ ನಿಂತ 2011ರಲ್ಲಿ ಒಂದನೇ ತರಗತಿಗೆ ಸೇರಿದ ಸಂಡೂರಿನ ಮಗು ಆ ಹೊತ್ತಿಗೆ ಪಿಯುಸಿ ಮೊದಲ ವರ್ಷ ಮುಗಿಸಿತ್ತು. ಧೂಳು ತಿಂದು ಬೆಳೆದ ಆ ಮಗುವಿನ ಹೆಸರಿನಲ್ಲಿ ಸಂಗ್ರಹವಾದ ಹಣ ಅದರ ಇಡೀ ಶಾಲಾ ಜೀವನದಲ್ಲಿ ಬ್ಯಾಂಕಿನಲ್ಲೇ ಇತ್ತು.

ನ್ಯಾಯಾಲಯವನ್ನು ದೂರಿ ಪ್ರಯೋಜನವಿಲ್ಲ. ಕೊಳ್ಳೆ ಹೊಡೆದವರ ಕೈಗೆ ಪುನಶ್ಚೇತನದ ಹಣವನ್ನೂ ಕೊಟ್ಟುಬಿಟ್ಟರೆ ಏನಾದೀತೆಂಬ ಭಯ ಸಕಾರಣವಾದದ್ದೇ ಆಗಿತ್ತು. ಆದರೆ ಇಲ್ಲೊಂದು ಪಾಠವಿದೆ. ನಂಬಿಕೆಗೆ ಅರ್ಹವಾದ ವ್ಯವಸ್ಥೆಯನ್ನು ಮೊದಲೇ ಕಟ್ಟಿಕೊಳ್ಳದ ನಾಡಿಗೆ ಹಣ ಬಂದರೆ ಎರಡೇ ದಾರಿ. ಒಂದೋ ಅದು ಲೂಟಿಯಾಗುತ್ತದೆ, ಇಲ್ಲವೇ ಕೊಳೆಯುತ್ತದೆ. ನಾವು ಎರಡನ್ನೂ ಕಂಡೆವು.

ಈಗ ಖರ್ಚು ಆರಂಭವಾಗಿದೆ. ಇದರ ಜೊತೆಗೆ 2015ರ ಗಣಿ ಕಾಯ್ದೆಯ ತಿದ್ದುಪಡಿಯಂತೆ ಪ್ರತಿ ಜಿಲ್ಲೆಯ ಖನಿಜ ಪ್ರತಿಷ್ಠಾನಕ್ಕೂ ಹಣ ಬರುತ್ತಿದೆ. ಹಳೆಯ ಗಣಿ ಗುತ್ತಿಗೆದಾರ ತಾನು ಕಟ್ಟುವ ರಾಜಧನದ ಮೇಲೆ ಶೇ. 30ರಷ್ಟನ್ನು, ಹರಾಜಿನಲ್ಲಿ ಪಡೆದವನು ಶೇ. 10ರಷ್ಟನ್ನು ಈ ಪ್ರತಿಷ್ಠಾನಕ್ಕೆ ಕೊಡಬೇಕು. ಅದರಲ್ಲಿ ಕನಿಷ್ಠ ಶೇ. 60 ಭಾಗ ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಪರಿಸರದಂತಹ ಆದ್ಯತೆಯ ಕೆಲಸಗಳಿಗೆ ಹೋಗಬೇಕೆಂದು ಆಗಲೇ ಹೇಳಲಾಗಿತ್ತು. 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನ ಬೇರೆ ಇದೆ. ಹೀಗೆ ನಾಲ್ಕಾರು ಕೊಳವೆಗಳಿಂದ ಹಣ ಹರಿಯುವ ನಾಡು ಇದು. ಹಾಗಿರುವಾಗ ಪ್ರಶ್ನೆ, ಯಾವ ಕೆಲಸ ಮೊದಲು ಎಂಬುದನ್ನು ನಿರ್ಧರಿಸುವವರು ಯಾರು?

ಹಳ್ಳಿಗಳಲ್ಲಾದರೆ ಗ್ರಾಮಸಭೆಯೆಂಬುದೊಂದಿದೆ. ಅದು ಹೇಗೆ ನಡೆಯುತ್ತದೆಂಬುದು ಬೇರೆ ಮಾತು, ಕಾನೂನಿನಲ್ಲಿ ಇದೆ. ಮರಿಯಮ್ಮನಹಳ್ಳಿ ಗ್ರಾಮ ಪಂಚಾಯಿತಿಯಿಂದ ಪಟ್ಟಣ ಪಂಚಾಯಿತಿಯಾಗಿ ಬಡ್ತಿ ಪಡೆದಾಗ ಜನ ಸಂತೋಷಪಟ್ಟರು. ಆದರೆ ಊರು ಪಟ್ಟಣವಾದ ದಿನ ಗ್ರಾಮಸಭೆ ಇಲ್ಲವಾಗುತ್ತದೆ. ಆಮೇಲೆ ಸಾಮಾನ್ಯನೊಬ್ಬ ಎದ್ದುನಿಂತು, ‘ನಮ್ಮ ಓಣಿಗೆ ಕಮಾನು ಬೇಡ, ಚರಂಡಿ ಬೇಕು’ ಎಂದು ಹೇಳಿ ದಾಖಲಿಸುವ ಜಾಗ ಯಾವುದು? ಕ್ರಿಯಾಯೋಜನೆ ಸಿದ್ಧವಾಗುವುದು ಕಚೇರಿಯಲ್ಲಿ. ನಮಗೆ ಗೊತ್ತಾಗುವುದು ಗುದ್ದಲಿ ಪೂಜೆಯ ಫ್ಲೆಕ್ಸ್ ನೋಡಿದಾಗ.

ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಒಂದು ಕಟ್ಟಳೆಯಿದೆ. ಕಾಮಗಾರಿ ಬೇಕೆನ್ನುವ ಇಲಾಖೆಯೇ ಅದು ಒಳ್ಳೆಯದೆಂದು ತೀರ್ಪು ಕೊಡುವಂತಿಲ್ಲ. ಬೇರೊಂದು ಇಲಾಖೆಯ ತಜ್ಞರು ಖರ್ಚು, ಪ್ರಯೋಜನ, ಬೇರೆ ದಾರಿಗಳನ್ನು ತೂಗಿ ಒಪ್ಪಿದ ಮೇಲೆಯೇ ಅದು ಬಜೆಟ್‌ಗೆ ಹೋಗುತ್ತದೆ. ಹುಡುಗಿಯ ತಂದೆ ವರನ ಬಗ್ಗೆ ವರನ ಮನೆಯವರಲ್ಲೇ ವಿಚಾರಿಸಿ ಮದುವೆ ನಿಶ್ಚಯಿಸುವುದಿಲ್ಲವಷ್ಟೇ, ನಾಲ್ಕು ಕಡೆ ಕೇಳುತ್ತಾನೆ. ಆ ವಿವೇಕ ನೂರು ಕೋಟಿಯ ಕಾಮಗಾರಿಗೆ ಯಾಕೆ ಬೇಡ?

ಎರಡನೆಯದು, ಅರ್ಧಕ್ಕೆ ನಿಲ್ಲುವ ಕೆಲಸ. ನೆರೆಯ ಚಿತ್ರದುರ್ಗ, ತುಮಕೂರಿನ ಬರಪೀಡಿತ ತಾಲೂಕುಗಳಿಗೆ ನೀರು ಕೊಡುವ ಭದ್ರಾ ಮೇಲ್ದಂಡೆ ಯೋಜನೆಯನ್ನು ನೋಡಿ. 2003ರಲ್ಲಿ ಅದರ ಅಂದಾಜು 2,813 ಕೋಟಿ ರೂಪಾಯಿ. 2008ರಲ್ಲಿ 5,985 ಕೋಟಿ. 2015ರಲ್ಲಿ 12,340 ಕೋಟಿ. 2020ರಲ್ಲಿ 21,473 ಕೋಟಿ. ಈ ನಡುವೆ ಯೋಜನೆಯ ವ್ಯಾಪ್ತಿ ಹಿಗ್ಗಿದ್ದೂ ನಿಜ. ಆದರೆ ವಿಳಂಬವಾದಷ್ಟೂ ಉಕ್ಕು, ಸಿಮೆಂಟು, ಭೂಪರಿಹಾರ, ಕೂಲಿ ಎಲ್ಲದರ ದರ ಏರುತ್ತದೆ. 2023ರ ಕೇಂದ್ರ ಬಜೆಟ್ ಇದಕ್ಕೆ 5,300 ಕೋಟಿ ಘೋಷಿಸಿತು. ಆ ಘೋಷಣೆಗೆ ಚಪ್ಪಾಳೆ ಸಿಕ್ಕಿತು, ಆಮೇಲೆ ಹಣಕ್ಕಾಗಿ ಕೇಂದ್ರ ಮತ್ತು ರಾಜ್ಯದ ನಡುವೆ ಜಗಳವೇ ಉಳಿಯಿತು. ಯೋಜನೆ ಮಂಜೂರಾದಾಗ ಹುಟ್ಟಿದ ಹುಡುಗ ಇಂದು ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರಬಹುದು. ಅವನ ಹೊಲಕ್ಕೆ ನೀರು ಬಂದಿದ್ದರೆ ಅವನು ಹೋಗುತ್ತಿದ್ದನೇ?

ಯಾಕೆ ಹೀಗಾಗುತ್ತದೆ? ಇರುವ ಹಣಕ್ಕೆ ಹತ್ತು ಕಾಮಗಾರಿ ಮುಗಿಸಬಹುದಾದಲ್ಲಿ ಐವತ್ತಕ್ಕೆ ಅಡಿಗಲ್ಲು ಹಾಕುತ್ತೇವೆ. ಐವತ್ತು ಊರಿನವರಿಗೂ ಸಮಾಧಾನವಾಗುತ್ತದೆ. ಎಲ್ಲಕ್ಕೂ ಚೂರುಪಾರು ಹಣ ಹಂಚಿ, ಯಾವುದೂ ಮುಗಿಯದೆ, ಗುತ್ತಿಗೆದಾರರ ಬಿಲ್ ಬಾಕಿಯಾಗಿ, ಮುಂದಿನ ವರ್ಷದ ಹಣ ಹಳೆಯ ಬಾಕಿಗೇ ಹೋಗುತ್ತದೆ. ಅಡಿಗಲ್ಲಿನ ಮೇಲೆ ಹೆಸರು ಕೆತ್ತಿಸುವ ಅವಕಾಶವಿದೆ, ಮುಗಿಸಿದ ಕಾಲುವೆಯ ಕೊನೆಯ ಭಾಗದಲ್ಲಿ ಯಾರ ಹೆಸರೂ ಇರುವುದಿಲ್ಲ. ರಾಜಕಾರಣಿಯನ್ನಷ್ಟೇ ದೂರಬೇಡಿ. ಅಡಿಗಲ್ಲಿಗೆ ಹಾರ ಹಾಕಿ ಚಪ್ಪಾಳೆ ತಟ್ಟುವವರು ನಾವೇ.

ಮೂರನೆಯದು, ಕಾಪಾಡದೆ ಬಿಡುವುದು. ಸರಪಳಿಯ ಕಥೆ ಅದೇ. ರಾಜ್ಯದ ಎಷ್ಟೋ ಊರುಗಳಲ್ಲಿ ಶುದ್ಧ ಕುಡಿಯುವ ನೀರಿನ ಘಟಕಗಳು ಬೀಗ ಹಾಕಿ ನಿಂತಿವೆ. ಯಂತ್ರ ತರಲು ಅನುದಾನವಿತ್ತು, ಫಿಲ್ಟರ್ ಬದಲಿಸಲು ಇರಲಿಲ್ಲ. ಶಾಲೆಗೆ ಹೊಸ ಕೊಠಡಿ ಮಂಜೂರಾಗುತ್ತದೆ, ಹಳೆಯ ಕೊಠಡಿಯ ಸೋರುವ ಹೆಂಚಿಗೆ ಹಣವಿಲ್ಲ. ಆಸ್ಪತ್ರೆಗೆ ಕಟ್ಟಡ ಬರುತ್ತದೆ, ದಾದಿಯ ಹುದ್ದೆ ಖಾಲಿಯಿರುತ್ತದೆ. ಹೊಸದಕ್ಕೆ ಒಂದು ಲೆಕ್ಕಶೀರ್ಷಿಕೆ, ನಿರ್ವಹಣೆಗೆ ಇನ್ನೊಂದು. ಬಿಗಿಯಾದ ವರ್ಷದಲ್ಲಿ ಕತ್ತರಿ ಮೊದಲು ಬೀಳುವುದು ಎರಡನೆಯದಕ್ಕೆ. ಯಾಕೆಂದರೆ ಅದು ಕಡಿತವಾದದ್ದು ಆ ವರ್ಷ ಯಾರಿಗೂ ತಿಳಿಯುವುದಿಲ್ಲ. ತಿಳಿಯುವುದು ಗೇಟು ಮುರಿದಾಗ.

ನಿರ್ವಹಣೆ ನಮ್ಮ ಜಾಯಮಾನದಲ್ಲೇ ಇಲ್ಲವೆಂದು ಹೇಳುವವರಿಗೆ ಇದೇ ಸೀಮೆ ಉತ್ತರ ಕೊಡುತ್ತದೆ. ವಿಜಯನಗರದ ಅರಸರ ಕಾಲದಲ್ಲಿ ತೋಡಿದ ರಾಯ, ಬಸವಣ್ಣ, ತುರ್ತಾ ಕಾಲುವೆಗಳು ಇಂದಿಗೂ ಹೊಸಪೇಟೆ, ಹಂಪಿ, ಕಂಪ್ಲಿಯ ಸುತ್ತಮುತ್ತ ಬಾಳೆ, ಕಬ್ಬು, ಭತ್ತಕ್ಕೆ ನೀರುಣಿಸುತ್ತಿವೆ. ಸಾಮ್ರಾಜ್ಯ 1565ರ ಯುದ್ಧದ ಬಳಿಕ ಕುಸಿಯಿತು. ಅರಮನೆಗಳು ಇಂದು ಪ್ರವಾಸಿಗರು ನೋಡುವ ಅವಶೇಷಗಳು. ಕಾಲುವೆ ಮಾತ್ರ ಬದುಕಿದೆ. ಅರಮನೆಗೆ ದಿಕ್ಕಿಲ್ಲದಾದ ಮೇಲೂ ಕಾಲುವೆಯಿಂದ ಅನ್ನ ಉಣ್ಣುವವರಿದ್ದರು, ಅವರು ಹೂಳೆತ್ತಿದರು, ಒಡ್ಡು ಸರಿಪಡಿಸಿದರು, ನಂತರ ಬಂದ ಸರಕಾರಗಳೂ ಅದನ್ನು ಕೈಬಿಡಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಿಂದ ಅವುಗಳನ್ನು ನವೀಕರಿಸುವ ಕೆಲಸವೂ ನಡೆಯಿತು. ಬಳಸುವವನ ಕೈಯಲ್ಲಿ ಹೊಣೆಯಿದ್ದರೆ ಐದು ಶತಮಾನ ಬಾಳುತ್ತದೆ. ಹೊಣೆ ನಾಲ್ವರಲ್ಲಿ ಹಂಚಿಹೋದರೆ ಎಪ್ಪತ್ತು ವರ್ಷಕ್ಕೆ ಸರಪಳಿ ತುಂಡಾಗುತ್ತದೆ.

ಭೂಮಿಯಿಂದ ಅಗೆದ ಸಂಪತ್ತನ್ನು ಎರಡು ದೇಶಗಳು ಹೇಗೆ ಬಳಸಿದವೆಂಬುದನ್ನೂ ನೋಡೋಣ. ಪೆಸಿಫಿಕ್ ಸಾಗರದ ನೌರು ಎಂಬ ಪುಟ್ಟ ದ್ವೀಪದಲ್ಲಿ ಫಾಸ್ಫೇಟ್ ಇತ್ತು. 1970ರ ದಶಕದಲ್ಲಿ ಅದು ತಲಾ ಆದಾಯದಲ್ಲಿ ಜಗತ್ತಿನ ಅತಿ ಶ್ರೀಮಂತ ದೇಶಗಳ ಸಾಲಿನಲ್ಲಿತ್ತು. ವಿಮಾನ ಸಂಸ್ಥೆ, ವಿದೇಶಗಳಲ್ಲಿ ಬಹುಮಹಡಿ ಕಟ್ಟಡ ಎಲ್ಲವೂ ಬಂದವು. ಅದಿರು ಮುಗಿಯುತ್ತಾ ಬಂದಂತೆ ಹಣವೂ ಮುಗಿದು ದೇಶ ದಿವಾಳಿಯಂಚಿಗೆ ಬಂತು. ಅಗೆದು ಬರಡಾದ ನೆಲವಷ್ಟೇ ಉಳಿಯಿತು. ಆಫ್ರಿಕಾದ ಬೋಟ್ಸ್ವಾನಾ 1966ರಲ್ಲಿ ಸ್ವತಂತ್ರವಾದಾಗ ಜಗತ್ತಿನ ಕಡುಬಡ ದೇಶಗಳಲ್ಲೊಂದು. ಮರುವರ್ಷ ಅಲ್ಲಿ ವಜ್ರದ ಗಣಿ ಪತ್ತೆಯಾಯಿತು. ನೆಲದೊಳಗಿನ ಆಸ್ತಿಯನ್ನು ಮಾರಿ ಬಂದ ಹಣವನ್ನು ದಿನದ ಖರ್ಚಿಗೆ ಬಳಸದೆ, ಶಾಲೆ, ಆರೋಗ್ಯ, ರಸ್ತೆಯಂತಹ ಹೂಡಿಕೆಗೆ ಬಳಸಬೇಕು, ಉಳಿದದ್ದನ್ನು ಕೂಡಿಡಬೇಕು ಎಂಬ ನಿಯಮಕ್ಕೆ ಆ ದೇಶ ದೀರ್ಘಕಾಲ ಅಂಟಿಕೊಂಡಿತು. ಅಲ್ಲಿಯೂ ಸಮಸ್ಯೆಗಳಿವೆ, ವಜ್ರದ ಬೇಡಿಕೆ ಕುಸಿದಾಗ ಸಂಕಟವೂ ಬಂದಿದೆ. ಆದರೂ ಎರಡು ತಲೆಮಾರು ಅಕ್ಷರ ಕಲಿತದ್ದನ್ನು ಯಾರೂ ಕಿತ್ತುಕೊಳ್ಳಲಾರರು. ಸಂಡೂರು ಯಾವ ದಾರಿಯಲ್ಲಿದೆ? ಬಳ್ಳಾರಿ ಭಾಗದ ಅದಿರಿನ ವಾರ್ಷಿಕ ಮಿತಿಯನ್ನು ಸುಪ್ರೀಂ ಕೋರ್ಟ್ 2022ರಲ್ಲಿ 35 ದಶಲಕ್ಷ ಟನ್‌ಗೆ ಏರಿಸಿತು. ಗುಡ್ಡ ಕರಗುವ ವೇಗ ಹೆಚ್ಚಿದೆ. ಒಮ್ಮೆ ಅಗೆದ ಗುಡ್ಡ ಮತ್ತೆ ಬೆಳೆಯುವುದಿಲ್ಲ.

ಇನ್ನು ನಮ್ಮ ಮಾತು. ಮಸೀದಿಯ ಜಮಾಅತಿನ ವಾರ್ಷಿಕ ಸಭೆಯಲ್ಲಿ ನಾವು ಹೇಗಿರುತ್ತೇವೆ? ಸುಣ್ಣಬಣ್ಣಕ್ಕೆ ಎಷ್ಟಾಯಿತು, ಫ್ಯಾನು ಎಲ್ಲಿಂದ ತಂದಿರಿ, ರಸೀದಿ ಎಲ್ಲಿ ಎಂದು ಕೇಳುತ್ತೇವೆ. ನೂರು ರೂಪಾಯಿ ವ್ಯತ್ಯಾಸ ಬಂದರೆ ಸಭೆ ಬಿಸಿಯಾಗುತ್ತದೆ. ಸಮುದಾಯದ ಹಣ ಅಮಾನತ್ತು, ಅದನ್ನು ಹೊತ್ತವನು ಉತ್ತರಿಸಬೇಕೆಂಬ ಅರಿವಿನಿಂದಲೇ ಕೇಳುತ್ತೇವೆ. ಅದು ಒಳ್ಳೆಯದು. ಆದರೆ ಅದೇ ನಾವು ನಮ್ಮ ಓಣಿಯ ರಸ್ತೆ ಆರು ತಿಂಗಳಲ್ಲಿ ಕಿತ್ತುಹೋದಾಗ ‘ಸರಕಾರದ ಕೆಲಸ ಅಂದರೆ ಹಾಗೆ’ ಎಂದು ಸುಮ್ಮನಾಗುತ್ತೇವೆ. ಆ ರಸ್ತೆಗೂ ನಮ್ಮ ಹಣವೇ ಹೋಗಿದೆ. ಬೆಂಕಿಪೊಟ್ಟಣ ಕೊಳ್ಳುವವನೂ ತೆರಿಗೆ ಕಟ್ಟುತ್ತಾನೆ. ಜಮಾಅತಿನ ಹಣ ಅಮಾನತ್ತಾದರೆ ಪಟ್ಟಣ ಪಂಚಾಯಿತಿಯ ಹಣ ಯಾಕಲ್ಲ?

ಪುರಸಭೆ, ಪಟ್ಟಣ ಪಂಚಾಯಿತಿಗಳ ಕಡೆಗೆ ನಾವು ಮುಖ ಮಾಡುವುದು ಎರಡೇ ಸಂದರ್ಭಗಳಲ್ಲಿ. ಒಂದು, ಚುನಾವಣೆಯಲ್ಲಿ ನಮ್ಮವನು ಗೆಲ್ಲಬೇಕೆಂದಾಗ. ಇನ್ನೊಂದು, ಖಬರಸ್ತಾನದ ಕಾಂಪೌಂಡಿಗೋ ಶಾದಿಮಹಲಿಗೋ ಅನುದಾನ ಬೇಕೆಂದಾಗ. ಅವು ತಪ್ಪಲ್ಲ. ಆದರೆ ಊರಿನ ನೀರಿನ ಕೊಳವೆ, ಸರಕಾರಿ ಶಾಲೆಯ ಶೌಚಾಲಯ, ಆಸ್ಪತ್ರೆಯ ಖಾಲಿ ಹುದ್ದೆಯ ಬಗ್ಗೆ ಕೇಳುವವರಲ್ಲಿ ನಮ್ಮ ದನಿ ಎಷ್ಟಿದೆ? ಹಿಂದುಳಿದ ಓಣಿಗಳಲ್ಲಿ ಹೆಚ್ಚಾಗಿ ವಾಸಿಸುವ ನಮಗೆ, ದಲಿತ ಸಹೋದರರಿಗೆ, ಕೂಲಿಕಾರರಿಗೆ ಇವುಗಳ ಅಗತ್ಯ ಎಲ್ಲರಿಗಿಂತ ಹೆಚ್ಚು. ಉಳ್ಳವನು ನೀರಿನ ಟ್ಯಾಂಕರ್ ತರಿಸಿಕೊಳ್ಳುತ್ತಾನೆ, ಖಾಸಗಿ ಶಾಲೆಗೆ ಮಗುವನ್ನು ಕಳಿಸುತ್ತಾನೆ. ಸಾರ್ವಜನಿಕ ಹೂಡಿಕೆ ಸೋತರೆ ಸೋಲುವುದು ಬೇರೆ ದಾರಿಯಿಲ್ಲದವನು.

ಹಾಗಾದರೆ ಏನು ಕೇಳಬೇಕು? ಕಷ್ಟದ್ದೇನೂ ಅಲ್ಲ. ಯಾವುದೇ ಕಾಮಗಾರಿಗೆ ಅಡಿಗಲ್ಲು ಹಾಕುವ ಮುನ್ನ, ಮುಂದಿನ ಹತ್ತು ವರ್ಷ ಅದನ್ನು ನೋಡಿಕೊಳ್ಳುವವರು ಯಾರು, ಅದಕ್ಕೆ ಹಣ ಎಲ್ಲಿಂದ ಎಂಬುದನ್ನು ಬರೆದು ಪ್ರಕಟಿಸಲಿ. ಅರ್ಧಕ್ಕೆ ನಿಂತ ಕೆಲಸಗಳ ಪಟ್ಟಿ ಮೊದಲು ಬರಲಿ, ಅವು ಮುಗಿಯುವ ತನಕ ಹೊಸದಕ್ಕೆ ಗುದ್ದಲಿ ಬೇಡ. ಗಣಿ ಪುನಶ್ಚೇತನದ ಹಣ, ಖನಿಜ ಪ್ರತಿಷ್ಠಾನದ ಹಣ, ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಒಂದೇ ಊರಿನಲ್ಲಿ ಎಲ್ಲೆಲ್ಲಿ ಖರ್ಚಾಯಿತೆಂಬ ಒಂದೇ ಲೆಕ್ಕ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಇರಲಿ. ಇಲ್ಲದಿದ್ದರೆ ಒಂದೇ ಚರಂಡಿಗೆ ಮೂರು ಕಡೆಯಿಂದ ಬಿಲ್ ಆಗುವುದನ್ನು ತಡೆಯುವವರು ಯಾರು? ಪಟ್ಟಣಗಳಲ್ಲಿಯೂ ವರ್ಷಕ್ಕೆರಡು ಬಾರಿ ವಾರ್ಡಿನ ಜನರನ್ನು ಸೇರಿಸಿ ಕ್ರಿಯಾಯೋಜನೆ ಓದಿ ಹೇಳಲಿ. ಗಣಿಯ ಹಣದಲ್ಲಿ ಒಂದು ಪಾಲನ್ನು, ಗುಡ್ಡ ಮುಗಿದ ಮೇಲೆ ಬರುವ ತಲೆಮಾರಿಗಾಗಿ ಮುಟ್ಟದೆ ಇಡಲಿ.

ಇವುಗಳಲ್ಲಿ ಹಲವಕ್ಕೆ ಹೊಸ ಕಾನೂನೂ ಬೇಕಿಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್, ಯಾರೂ ಕೇಳದಿದ್ದರೂ ಖರ್ಚುವೆಚ್ಚದ ವಿವರವನ್ನು ತಾನಾಗಿಯೇ ಪ್ರಕಟಿಸಬೇಕೆಂದು ಪ್ರತಿ ಕಚೇರಿಗೂ ಹೇಳುತ್ತದೆ. ಪ್ರಕಟಿಸದಿದ್ದರೆ ಹತ್ತು ರೂಪಾಯಿಯ ಅರ್ಜಿ ಸಾಕು. ಬಿ.ಕಾಂ. ಓದಿ ಮನೆಯಲ್ಲಿರುವ ನಮ್ಮ ಮಕ್ಕಳಿದ್ದಾರೆ. ಎಂಜಿನಿಯರಿಂಗ್ ಡಿಪ್ಲೊಮಾ ಮಾಡಿದವರಿದ್ದಾರೆ. ಒಂದು ರಸ್ತೆಯ ಅಂದಾಜುಪಟ್ಟಿಯನ್ನು ತರಿಸಿ, ಜಲ್ಲಿ ಎಷ್ಟು ಇಂಚು ಇರಬೇಕಿತ್ತು, ಎಷ್ಟಿದೆ ಎಂದು ಅಳೆದು ನೋಡಲು ಅವರಿಗೆ ಸಾಧ್ಯವಿಲ್ಲವೇ? ಪ್ರತಿ ಊರಿನಲ್ಲಿ ಎಲ್ಲ ಜಾತಿಧರ್ಮದ ಐದಾರು ಯುವಕ ಯುವತಿಯರು ಸೇರಿ ವರ್ಷಕ್ಕೆ ನಾಲ್ಕು ಕಾಮಗಾರಿಯನ್ನು ಹೀಗೆ ನೋಡಿದರೆ ಉಳಿದ ನಲವತ್ತರ ಗುಣಮಟ್ಟ ತಾನಾಗಿ ಸುಧಾರಿಸೀತು.

ಕೇಳುವವನನ್ನು ತಕರಾರಿನವನೆಂದು ಕರೆಯುವವರು ಇದ್ದೇ ಇರುತ್ತಾರೆ. ಅಭಿವೃದ್ಧಿಗೆ ಅಡ್ಡಗಾಲು ಎನ್ನುತ್ತಾರೆ. ಹೊಸದಾಗಿ ಕಟ್ಟುವವನಿಗೆ ಹಾರ ಸಿಗುತ್ತದೆ, ಇರುವುದನ್ನು ನೋಡಿಕೊಳ್ಳಿ ಎನ್ನುವವನಿಗೆ ಬೈಗುಳ. ಆದರೆ 2024ರ ಆಗಸ್ಟ್ 9ರಂದು, ಅಂದರೆ ಗೇಟು ಮುರಿಯುವ ಹಿಂದಿನ ದಿನ, ಒಬ್ಬ ರೈತ ಮಂಡಳಿಯ ಕಚೇರಿಗೆ ಹೋಗಿ ‘ಆ ಸರಪಳಿಯನ್ನು ಕೊನೆಯ ಬಾರಿ ಪರೀಕ್ಷಿಸಿದ್ದು ಯಾವಾಗ?’ ಎಂದು ಕೇಳಿದ್ದರೆ ಅವನನ್ನೂ ತಕರಾರಿನವನೆಂದೇ ಕರೆಯುತ್ತಿದ್ದರು.

ಮರಿಯಮ್ಮನಹಳ್ಳಿಯ ಹಿನ್ನೀರಿನ ಅಡಿಯಲ್ಲಿ ಜನರು ತೊರೆದು ಬಂದ ಊರುಗಳಿವೆ. ಅವರು ಕೊಟ್ಟದ್ದನ್ನು ಹಿಂದಕ್ಕೆ ಕೊಡಲು ಯಾವ ಸರಕಾರಕ್ಕೂ ಸಾಧ್ಯವಿಲ್ಲ. ಆದರೆ ಅವರು ಕೊಟ್ಟದ್ದರ ಮೇಲೆ ಕಟ್ಟಿದ ಅಣೆಕಟ್ಟನ್ನು, ಸಂಡೂರಿನ ಗುಡ್ಡ ಕೊಟ್ಟ ಹಣವನ್ನು ಕಾಪಾಡಲು ಸಾಧ್ಯವಿದೆ. ಮುಂದಿನ ಬಾರಿ ನಿಮ್ಮ ಊರಿನಲ್ಲಿ ಅಡಿಗಲ್ಲಿನ ಕಾರ್ಯಕ್ರಮ ನಡೆದಾಗ ಹೋಗಿ. ಚಪ್ಪಾಳೆ ತಟ್ಟುವ ಮುನ್ನ ಒಂದೇ ಪ್ರಶ್ನೆ ಕೇಳಿ: ಹತ್ತು ವರ್ಷದ ಬಳಿಕ ಇದನ್ನು ನೋಡಿಕೊಳ್ಳುವವರು ಯಾರು?